ಕುಳಿತು ಓಡಿಸುವ ಲಾನ್ ಮೋವರ್: ಕೀ ತಿರುಗಿಸಿದರೆ ಬರೀ 'ಟಕ್' ಅನ್ನುತ್ತದೆ, ಎಂಜಿನ್ ತಿರುಗುವುದಿಲ್ಲ. ಯಾಕೆ?

'ಟಕ್' ಕೇಳಿಸಿತೆಂದರೆ ಸೀಟು, ಬ್ರೇಕಿನ ಸೇಫ್ಟಿ ಸ್ವಿಚ್‌ಗಳನ್ನು ಸಾಮಾನ್ಯವಾಗಿ ಅನುಮಾನಿಸಬೇಕಿಲ್ಲ. ಅವು ಕೈಕೊಟ್ಟರೆ ಸದ್ದೇ ಇರುವುದಿಲ್ಲ. ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಟ್ಟು, ಬ್ಲೇಡ್ ಆಫ್ ಮಾಡಿ ಬ್ಯಾಟರಿ ಅಳೆಯಿರಿ. ಪೂರ್ತಿ ಚಾರ್ಜಾದ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸಬೇಕು. ಕೀ ತಿರುಗಿಸಿದಾಗ 9ಕ್ಕಿಂತ ಕೆಳಗೆ ಕುಸಿದರೆ ಬಹುಮಟ್ಟಿಗೆ ಬ್ಯಾಟರಿಯದೇ ತಪ್ಪು. ಚಳಿಗಾಲವಿಡೀ ಚಾರ್ಜಿಲ್ಲದೆ ಶೆಡ್ಡಿನಲ್ಲಿಟ್ಟರೆ ಹೀಗಾಗುವುದು ಮಾಮೂಲು.

ಕುಸಿಯದಿದ್ದರೆ ಟರ್ಮಿನಲ್ಲಿನ ಬಿಳಿ ಪುಡಿ ಉಜ್ಜಿ, ಚಾಸಿಗೆ ಕಟ್ಟಿದ ನೆಗೆಟಿವ್ ವೈರಿನ ಬೋಲ್ಟ್ ಬಿಗಿ ಮಾಡಿ. ಇದನ್ನು ಬಿಟ್ಟು ನೇರ ಸ್ಟಾರ್ಟರ್ ಮೋಟರ್ ಬದಲಿಸುವವರೂ ಇದ್ದಾರೆ! ಆಮೇಲೂ ಬರೀ 'ಟಕ್' ಅಂದರೆ ಸೊಲೆನಾಯ್ಡ್ (ಬ್ಯಾಟರಿಯ ಕರೆಂಟನ್ನು ಸ್ಟಾರ್ಟರ್ ಮೋಟರಿಗೆ ಹಾಯಿಸುವ ಸ್ವಿಚ್) ನೋಡಿ: ಕೀ ತಿರುಗಿಸಿ ಹಿಡಿದಾಗ ಬ್ಯಾಟರಿ ಕಡೆಯ ದಪ್ಪ ಬೋಲ್ಟಿನಲ್ಲಿ 12 ವೋಲ್ಟ್ ಇದ್ದು, ಸ್ಟಾರ್ಟರ್ ಕಡೆ ಸೊನ್ನೆ ಬಂದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ, ಬದಲಿಸಿ.