ಬಾಲ್ಕನಿ ರೇಲಿಂಗ್: ಗಾಜೋ, ಲೋಹವೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಬಾಲ್ಕನಿ ರೇಲಿಂಗ್ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಂದೆಡೆ ಸೇರಿಸಿದ್ದೇವೆ. ಹೆಚ್ಚಿನವರು ಕೇಳಿರುವುದು ಕಣ್ಣಿಗೆ ಕಾಣುವ ಭಾಗದ ಬಗ್ಗೆ. ಬುಡದ ಬಗ್ಗೆ ಕೇಳಿದವರು ಒಬ್ಬರೇ. ಅವರಿಗೆ ಕೊಟ್ಟ ಉತ್ತರವನ್ನು ಉಳಿದವರೂ ಓದಬೇಕು.

ಪ್ರಶ್ನೆ: ಎರಡನೇ ಮಹಡಿಯಲ್ಲಿ ಪಶ್ಚಿಮಕ್ಕೆ 12 ಅಡಿ ಉದ್ದ, 4 ಅಡಿ ಅಗಲದ ಬಾಲ್ಕನಿ ಬರುತ್ತಿದೆ. ನಮ್ಮ ಯಜಮಾನರಿಗೆ ಗಾಜು ಇಷ್ಟ. ಅತ್ತೆಯವರು ‘ಮಕ್ಕಳಿರೋ ಮನೆಗೆ ಗಾಜು ಬೇಡಮ್ಮ’ ಅಂತಾರೆ. ಮಕ್ಕಳಿಗೆ 3 ಮತ್ತು 6 ವರ್ಷ. ಒಂದಡಿ ಗೋಡೆ, ಅದರ ಮೇಲೆ ಎರಡೂವರೆ ಅಡಿ ರೇಲಿಂಗ್ ಎಂದು ನಕ್ಷೆಯಲ್ಲಿದೆ. ಏನು ಮಾಡೋಣ? (ಮೈಸೂರು)

ಉತ್ತರ: ಗಾಜೋ ಸ್ಟೀಲೋ ಎನ್ನುವುದಕ್ಕೆ ಮೊದಲು ಆ ಒಂದಡಿ ಗೋಡೆಯನ್ನು ನೋಡಿ. ಲೆಕ್ಕದಲ್ಲಿ ಎತ್ತರ ಮೂರೂವರೆ ಅಡಿ ಸರಿಯಾಗೇ ಇದೆ. ಆದರೆ ಮೂರು ವರ್ಷದ ಮಗು ಒಂದಡಿ ಗೋಡೆಯ ಮೇಲೆ ಸಲೀಸಾಗಿ ಹತ್ತಿ ನಿಲ್ಲುತ್ತದೆ. ಹತ್ತಿ ನಿಂತ ಮೇಲೆ ಅದರ ಮುಂದೆ ಉಳಿಯುವುದು ಎರಡೂವರೆ ಅಡಿ ಮಾತ್ರ. ಎತ್ತರವನ್ನು ಅಳೆಯಬೇಕಾದ್ದು ಕಾಲಿಡಲು ಸಿಗುವ ಜಾಗದಿಂದ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಕನಿಷ್ಠ 1 ಮೀಟರ್ ಎನ್ನುತ್ತದೆ. ಮಕ್ಕಳಿರುವ ಮನೆಗೆ ಟೈಲ್ಸ್ ಹಾಕಿ ಮುಗಿಸಿದ ನೆಲದಿಂದ ಮೂರೂವರೆ ಅಡಿ ಇಟ್ಟುಕೊಳ್ಳಿ. ಗೋಡೆಯ ಬದಲು ನೀರು ತಡೆಯಲು ನಾಲ್ಕಿಂಚಿನ ಕಾಂಕ್ರೀಟ್ ಕಟ್ಟೆ ಸಾಕು. ಅದರ ಮೇಲೂ ಪಾದ ಊರಲು ಬರುತ್ತದೆಯಾದ್ದರಿಂದ ಮೂರೂವರೆ ಅಡಿಯನ್ನು ಕಟ್ಟೆಯ ನೆತ್ತಿಯಿಂದಲೇ ಎಣಿಸಿ.

ಅತ್ತೆಯವರ ಅಂಜಿಕೆ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹತ್ತುವ ವಿಷಯಕ್ಕೆ ಬಂದರೆ ಗಾಜೇ ಮೇಲು, ಅದರಲ್ಲಿ ಕಾಲಿಡಲು ಹಿಡಿತವಿಲ್ಲ. ಅಪಾಯ ಇರುವುದು ಈಗ ಎಲ್ಲೆಲ್ಲೂ ಕಾಣುವ ಅಡ್ಡಪೈಪಿನ ಸ್ಟೀಲ್ ರೇಲಿಂಗಿನಲ್ಲಿ. ಅದು ಮಕ್ಕಳ ಪಾಲಿಗೆ ಏಣಿ. ಲೋಹ ಹಾಕಿಸುವುದಾದರೆ ನೆಟ್ಟಗೆ ನಿಲ್ಲುವ ಸರಳು ಹಾಕಿಸಿ, ಸರಳಿನ ನಡುವಿನ ಸಂದು 4 ಇಂಚು ಮೀರದಿರಲಿ. 12 ಅಡಿ ಮುಂಭಾಗಕ್ಕೆ 12 ಮಿಮೀ ಚೌಕ ಸರಳು ಸುಮಾರು 35 ಬೇಕಾಗುತ್ತದೆ. ಖರ್ಚು ಉಳಿಸಲು 25ಕ್ಕೆ ಇಳಿಸುವುದು ಉಂಟು. ಪರೀಕ್ಷೆ ಸುಲಭ: ಟಾಯ್ಲೆಟ್ ಲೈನಿನ 4 ಇಂಚಿನ ಪಿವಿಸಿ ಪೈಪಿನ ತುಂಡು (ಹೊರ ಅಳತೆ 110 ಮಿಮೀ) ಯಾವ ಸಂದಿನಲ್ಲೂ, ಕೆಳಗಿನ ಪಟ್ಟಿ ಮತ್ತು ನೆಲದ ನಡುವೆಯೂ, ತೂರಬಾರದು. ಪೈಪು 4 ಇಂಚಿಗಿಂತ ತುಸು ದಪ್ಪವಾದ್ದರಿಂದ, ತೂರದ ಸಂದನ್ನೂ ಟೇಪಿನಿಂದ ಅಳೆದು ನೋಡಿ.

ಗಾಜೇ ಬೇಕೆಂದರೆ ಒಂಟಿ 12 ಮಿಮೀ ಟಫನ್ಡ್ (ಕಾಯಿಸಿ ತಣಿಸಿ ಗಟ್ಟಿ ಮಾಡಿದ) ಗಾಜಿಗೆ ಒಪ್ಪಬೇಡಿ. ಅದು ಗಟ್ಟಿಯೇನೋ ಹೌದು, ಆದರೆ ಒಡೆದರೆ ಪೂರ್ತಿ ಪುಡಿಯಾಗಿ ಕೆಳಗೆ ಸುರಿಯುತ್ತದೆ, ಆ ಜಾಗ ಬಟಾಬಯಲು. 6 ಮಿಮೀ ಟಫನ್ಡ್ ಹಾಳೆ ಎರಡು, ನಡುವೆ 1.52 ಮಿಮೀ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗಾಜು ಕೇಳಿ. ಒಂದು ಹಾಳೆ ಹೋದರೂ ಇನ್ನೊಂದು ನಿಲ್ಲುತ್ತದೆ. ಎರಡೂ ಒಡೆದರೆ ಪಿವಿಬಿ ಎಂಬ ಸಾಮಾನ್ಯ ಪ್ಲಾಸ್ಟಿಕ್ ಪದರದ ಗಾಜು ಒದ್ದೆ ಕಂಬಳಿಯಂತೆ ಬಾಗುತ್ತದೆ. ಆದ್ದರಿಂದ ಮೇಲಂಚಿಗೆ ಪೈಪಿನ ಕೈಹಿಡಿ ಇರಲೇಬೇಕು, ಅದರ ಎರಡು ತುದಿಯೂ ಗೋಡೆಗೋ ಕಂಬಕ್ಕೋ ಕಚ್ಚಿರಬೇಕು. ಕೈಹಿಡಿ ಇಲ್ಲದ ಗಾಜು ಫೋಟೋಗೆ ಚೆಂದ. ಮೂಲೆಯಲ್ಲಿ ತಯಾರಕರ ಮುದ್ರೆ, ಐಎಸ್‌ಐ ಗುರುತು, ಐಎಸ್ 2553 ಎಂಬ ಸಂಖ್ಯೆ ನೋಡಿ ಇಳಿಸಿಕೊಳ್ಳಿ. ಟಫನ್ ಮಾಡಿದ ಮೇಲೆ ಗಾಜನ್ನು ಕತ್ತರಿಸಲಿಕ್ಕೂ ಬಾರದು, ತೂತು ಕೊರೆಯಲಿಕ್ಕೂ ಬಾರದು. ಹಾಗಾಗಿ ಅಳತೆ ತೆಗೆಯುವುದು ಟೈಲ್ಸ್ ಮುಗಿದ ಮೇಲೆಯೇ.

ಭಾರಕ್ಕೆ ಹೆದರಬೇಡಿ. ಗಾಜು ಪ್ರತಿ ಮಿಮೀ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕೆಜಿ, ಅಂದರೆ 12 ಮಿಮೀ ಗಾಜು 30 ಕೆಜಿ. ನಾಲ್ಕಿಂಚಿನ ಬ್ಲಾಕಿನ ಮೂರಡಿ ಗೋಡೆ ಪ್ಲಾಸ್ಟರ್ ಸೇರಿ ಮೀಟರಿಗೆ 200 ಕೆಜಿ ದಾಟುತ್ತದೆ.

ಇನ್ನು ಪಶ್ಚಿಮದ ಬಿಸಿಲು, ಗಾಳಿ. ಸಂಜೆ ತಗ್ಗು ಕುರ್ಚಿಯಲ್ಲಿ ಕೂತವರಿಗೆ ಗಾಜಿನ ಹಿಂದೆ ಗಾಳಿಯಾಡುವುದಿಲ್ಲ. ಮೊಣಕಾಲಿನ ಮಟ್ಟಕ್ಕೆ ಬರುವ ಮಳೆಯ ಎರಚಲನ್ನು ಗಾಜು ತಡೆಯುತ್ತದೆ, ಅದೊಂದು ಲಾಭ. ಬಟ್ಟೆ, ಸಂಡಿಗೆ ಒಣಗಿಸುವ ಬಾಲ್ಕನಿಯಾದರೆ ಸರಳಿನ ರೇಲಿಂಗೇ ಸರಿ. ನಿಮ್ಮ ಮನೆಗೆ ನಮ್ಮ ಓಟು ಸರಳಿಗೆ.

ಪ್ರಶ್ನೆ: ಸಮುದ್ರದಿಂದ ಒಂದೂವರೆ ಕಿಮೀ ದೂರದಲ್ಲಿದ್ದೇವೆ. 304 ದರ್ಜೆಯದು ಎಂದು ಹೇಳಿ ಹಾಕಿದ ಸ್ಟೀಲ್ ರೇಲಿಂಗಿನಲ್ಲಿ ಒಂದೇ ಮಳೆಗಾಲಕ್ಕೆ ಕಂದು ಕಲೆ. ಮ್ಯಾಗ್ನೆಟ್ ಹಿಡಿಯುವುದಿಲ್ಲ, ಆದ್ದರಿಂದ ಇದು 304 ದರ್ಜೆಯೇ ಎಂದು ಹಾಕಿದವರು ಹೇಳುತ್ತಾರೆ. ಮೋಸ ಹೋದೆವೆ? (ಉಡುಪಿ)

ಉತ್ತರ: ಮ್ಯಾಗ್ನೆಟ್ಟಿನ ಪರೀಕ್ಷೆಯನ್ನು ನಂಬಬೇಡಿ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 202 ದರ್ಜೆಯ ಸ್ಟೀಲಿಗೂ ಅದು ಅಂಟುವುದಿಲ್ಲ. ಸ್ಟೀಲ್ ಅಂಗಡಿಗಳಲ್ಲಿ ಸಿಗುವ ಟೆಸ್ಟಿಂಗ್ ಲಿಕ್ವಿಡ್ ಒಂದು ಹನಿ ಹಾಕಿ, ಜೊತೆಗೆ ಬರುವ ಬ್ಯಾಟರಿಯನ್ನು ಕೆಲವು ಸೆಕೆಂಡ್ ತಾಗಿಸಿದರೆ 202 ಕೆಂಪಗಾಗುತ್ತದೆ. ಕೈಹಿಡಿ ಒಂದರಲ್ಲೇ ನೋಡಿ ಸುಮ್ಮನಾಗಬೇಡಿ. ಮೇಲಿನ ಪೈಪು 304, ಒಳಗಿನ ಸಣ್ಣ ಪೈಪು, ಬುಡದ ಮುಚ್ಚಳ 202 ಆಗಿರುವುದು ಹೊಸದೇನಲ್ಲ.

ಸ್ಟೀಲು 304 ದರ್ಜೆಯದೇ ಆಗಿದ್ದರೂ ಕಲೆ ಬರಲು ಕಾರಣಗಳಿವೆ. ಕಲೆ ಬೆಸುಗೆಯ ಅಕ್ಕಪಕ್ಕ ಮಾತ್ರ ಇದ್ದರೆ, ವೆಲ್ಡಿಂಗ್ ಬಿಸಿಗೆ ಮೂಡಿದ ನೀಲಿ-ಕಂದು ಪೊರೆಯನ್ನು ತೆಗೆಯದೆ ಪಾಲಿಶ್ ಹೊಡೆದಿದ್ದಾರೆ. ಚುಕ್ಕಿ ಚುಕ್ಕಿಯಾಗಿ ಎಲ್ಲೆಡೆ ಇದ್ದರೆ, ಪಕ್ಕದಲ್ಲೇ ಕಬ್ಬಿಣ ಕೊಯ್ದ ಕಿಡಿ ಕೂತಿರಬಹುದು. ರೇಲಿಂಗ್ ಹಾಕಿದ ಮೇಲೆ ನೆಲಕ್ಕೆ ಟೈಲ್ಸ್ ಆಸಿಡ್ ಸುರಿದು ತೊಳೆದಿದ್ದರೆ ಬುಡದ ಒಂದಡಿಯಲ್ಲಿ ಕಲೆ ದಟ್ಟವಾಗಿರುತ್ತದೆ. ಆಸಿಡ್ಡಿನ ಹೊಗೆಯೇ ಸಾಕು ಸ್ಟೀಲನ್ನು ಕೆಡಿಸಲು. ಇವಾವುದೂ ಅಲ್ಲದೆ ಪೈಪಿನ ತಳಭಾಗದಲ್ಲಿ, ಸಜ್ಜದ ಅಡಿಯಲ್ಲಿ ಚಹಾ ಚೆಲ್ಲಿದಂತಿದ್ದರೆ ಅದು ಉಪ್ಪುಗಾಳಿ. ಮಳೆ ನೇರ ಬೀಳುವಲ್ಲಿ ಉಪ್ಪು ತೊಳೆದುಹೋಗುತ್ತದೆ, ಮರೆಯಲ್ಲಿ ಉಳಿಯುತ್ತದೆ.

ಬೆಸುಗೆಯ ಕಲೆಗೆ ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೊಳೆಯಬೇಕು. ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುವುದರಿಂದ ಕೈಗವಸು, ಕನ್ನಡಕ ಹಾಕಿ ಕೆಲಸ ಬಲ್ಲವರೇ ಮಾಡಲಿ, ಮನೆಯವರು ಮುಟ್ಟಬೇಡಿ. ಉಳಿದದ್ದಕ್ಕೆ 15 ದಿನಕ್ಕೊಮ್ಮೆ ಸೋಪುನೀರು, ಮೆತ್ತನೆ ಬಟ್ಟೆ. ಪಾತ್ರೆ ತಿಕ್ಕುವ ಸ್ಟೀಲ್ ನಾರು ಬೇಡವೇ ಬೇಡ. ಮುಂದೆ ಹೊಸದು ಮಾಡಿಸುವಾಗ ಮಾಲಿಬ್ಡಿನಮ್ ಇರುವ 316 ಹಾಕಿಸಿ, ಮಿರರ್ ಫಿನಿಶ್ ಇರಲಿ. ಒರಟು ಮ್ಯಾಟ್ ಮೈಯಲ್ಲಿ ಉಪ್ಪು ಬೇಗ ಕೂರುತ್ತದೆ. ಗಾಜು ಹಾಕಿಸಿದರೂ ಇದರಿಂದ ಬಿಡುಗಡೆ ಇಲ್ಲ, ಕ್ಲಾಂಪು ಮತ್ತು ಬೋಲ್ಟು ಸ್ಟೀಲಿನವೇ ತಾನೆ?

ಪ್ರಶ್ನೆ: ಅಪಾರ್ಟ್‌ಮೆಂಟಿನ ಐದನೇ ಮಹಡಿ. ರಾತ್ರಿ ಯಾರೂ ಮುಟ್ಟದೆ ರೇಲಿಂಗಿನ ಒಂದು ಗಾಜು ‘ಢಂ’ ಎಂದು ಒಡೆದು ಪುಡಿಯಾಯಿತು. ಹೀಗೂ ಆಗುತ್ತದೆಯೇ? (ಬೆಂಗಳೂರು)

ಉತ್ತರ: ಆಗುತ್ತದೆ. ಟಫನ್ ಮಾಡಲು ಗಾಜನ್ನು 600 ಡಿಗ್ರಿ ದಾಟಿ ಕಾಯಿಸಿ ಗಾಳಿಯಿಂದ ಥಟ್ಟನೆ ತಣಿಸಿದಾಗ ಹೊರಮೈ ಬಿಗಿಯುತ್ತದೆ, ಒಳಗೆ ಸೆಳೆತ ಉಳಿಯುತ್ತದೆ. ಒಳಗೆಲ್ಲೋ ನಿಕ್ಕಲ್ ಸಲ್ಫೈಡಿನ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣವಿದ್ದರೆ ಅದು ತಿಂಗಳು, ವರ್ಷಗಳ ಕಾಲ ನಿಧಾನ ಹಿಗ್ಗಿ ಒಂದು ದಿನ ಸೆಳೆತವನ್ನು ಬಿಚ್ಚಿಬಿಡುತ್ತದೆ. ಚೂರುಗಳು ಇನ್ನೂ ಅಂಟಿಕೊಂಡಿದ್ದರೆ ಬಿರುಕು ಹೊರಟ ಜಾಗ ಹುಡುಕಿ. ಚಿಟ್ಟೆಯ ರೆಕ್ಕೆಯಂತೆ ಎರಡು ದೊಡ್ಡ ಚೂರು ಒಟ್ಟಿಗಿದ್ದರೆ ಇದೇ ಕಾರಣ ಎನ್ನಲು ಅದು ಬಲವಾದ ಸುಳಿವು. ಬಿರುಕು ಅಂಚಿನಿಂದಲೋ ಬೋಲ್ಟಿನ ತೂತಿನಿಂದಲೋ ಹೊರಟಿದ್ದರೆ ತಪ್ಪು ಕೂರಿಸಿದವರದು: ಗಾಜಿಗೂ ಲೋಹಕ್ಕೂ ನಡುವೆ ರಬ್ಬರ್ ಇಟ್ಟಿಲ್ಲ, ಇಲ್ಲವೇ ಅಂಚು ಮೊದಲೇ ಚಕ್ಕೆ ಎದ್ದಿತ್ತು.

ಬದಲಿ ಗಾಜಿಗೆ ಹೀಟ್ ಸೋಕ್ ಪರೀಕ್ಷೆಯ ಪ್ರಮಾಣಪತ್ರ ಕೇಳಿ. ಕಾರ್ಖಾನೆಯಲ್ಲೇ 250 ಡಿಗ್ರಿಗೂ ಹೆಚ್ಚಿನ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು, ಒಡೆಯುವಂಥವನ್ನು ಅಲ್ಲೇ ಒಡೆಸುತ್ತಾರೆ. ಐದನೇ ಮಹಡಿಗೆ ಲ್ಯಾಮಿನೇಟೆಡ್ಡೇ ಸರಿ. ಅಲ್ಲಿಯವರೆಗೆ ಬಟ್ಟೆಯ ತೆರೆ, ಹಗ್ಗ ಕಟ್ಟಿ ಬಿಡಬೇಡಿ. 18 ಮಿಮೀ ಪ್ಲೈವುಡ್ ಬಿಗಿದು ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿ.

ಪ್ರಶ್ನೆ: ಹೊಸ ರೇಲಿಂಗ್, ಆರೇ ತಿಂಗಳಿಗೆ ಅಲ್ಲಾಡುತ್ತಿದೆ. ಬೋಲ್ಟ್ ಬಿಗಿ ಮಾಡಿದರೆ ವಾರದಲ್ಲಿ ಮತ್ತೆ ಸಡಿಲ. (ದಾವಣಗೆರೆ)

ಉತ್ತರ: ಬೋಲ್ಟ್ ಕಾಂಕ್ರೀಟಿಗೆ ತಲುಪಿಲ್ಲ. ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಹಾಕುವುದು 75 ಮಿಮೀ ಉದ್ದದ ಆಂಕರ್ ಫಾಸ್ಟನರ್ (ತೂತಿನೊಳಗೆ ಹಿಗ್ಗಿ ಕಚ್ಚುವ ಬೋಲ್ಟ್). ಬುಡದ ಪ್ಲೇಟ್ 8 ಮಿಮೀ, ಟೈಲ್ 10 ಮಿಮೀ, ಅದರಡಿಯ ಗಾರೆ 50 ಮಿಮೀ. ಕಾಂಕ್ರೀಟಿನೊಳಗೆ ಉಳಿದದ್ದು 7 ಮಿಮೀ! ಇಡೀ ರೇಲಿಂಗ್ ನಿಂತಿರುವುದು ಟೈಲ್ಸಿನಡಿಯ ಗಾರೆಯ ಮೇಲೆ.

ಬುಡಕ್ಕೆ ಬೀಳುವ ಎಳೆತವೂ ಕಡಿಮೆಯಲ್ಲ. ಮೂರೂವರೆ ಅಡಿ ಎತ್ತರದಲ್ಲಿ 75 ಕೆಜಿ ಬಲದಿಂದ ನೂಕಿದರೆ, ಪ್ಲೇಟಿನ ಅಂಚಿನಿಂದ 8 ಸೆಂಮೀ ದೂರದಲ್ಲಿರುವ ಬೋಲ್ಟುಗಳ ಮೇಲೆ ಒಟ್ಟು ಹೆಚ್ಚುಕಡಿಮೆ 1000 ಕೆಜಿ ಎಳೆತ. ಸನ್ನೆಕೋಲಿನ ಲೆಕ್ಕವೇ ಇದು. ನಾಲ್ಕು ಜನ ಮೆರವಣಿಗೆ ನೋಡಲು ಒರಗಿ ನಿಂತ ದಿನ ಇದು ಗೊತ್ತಾಗುತ್ತದೆ.

ಪ್ಲೇಟ್ ಬಿಚ್ಚಿಸಿ, ಆ ಜಾಗದ ಟೈಲ್ಸ್ ಮತ್ತು ಗಾರೆ ತೆಗೆಸಿ, ಕಾಂಕ್ರೀಟಿನ ಮೇಲೆಯೇ ಪ್ಲೇಟ್ ಕೂರಿಸಿ. ಕಂಬ ಅಷ್ಟು ಗಿಡ್ಡವಾಗುತ್ತದೆ, ಅಡಿಗೆ ತುಂಡು ಬೆಸೆಸಿ ಎತ್ತರ ಸರಿಮಾಡಿಸಿ. ಐದಿಂಚಿನ ಸ್ಲ್ಯಾಬಿಗೆ ಕೆಮಿಕಲ್ ಆಂಕರ್ (ತೂತಿನಲ್ಲಿ ರಾಡನ್ನು ಅಂಟಿನಿಂದ ಕೂರಿಸುವುದು) ಒಳ್ಳೆಯದು: 10 ಮಿಮೀ ರಾಡು, 90 ಮಿಮೀ ಆಳ. ತೂತನ್ನು ಊದಿ, ಬ್ರಶ್ ಹಾಕಿ, ಮತ್ತೆ ಊದಿ ಧೂಳು ಪೂರ್ತಿ ತೆಗೆಯಬೇಕು. ಧೂಳು ಉಳಿದರೆ ಅಂಟು ಹಿಡಿಯುವುದು ಧೂಳನ್ನು. ಸ್ಲ್ಯಾಬಿನ ಅಂಚಿನಿಂದ ನಾಲ್ಕಿಂಚಾದರೂ ಒಳಗಿರಲಿ. ಅಂಚಿಗೆ ಹತ್ತಿರ ಹಿಗ್ಗುವ ಆಂಕರ್ ಬಿಗಿದರೆ ಕಾಂಕ್ರೀಟೇ ಸಿಡಿಯುತ್ತದೆ. ಡ್ರಿಲ್ಲಿಗೆ ಕಬ್ಬಿಣ ಸಿಕ್ಕರೆ ಕೊರೆಯುವುದನ್ನು ನಿಲ್ಲಿಸಿ ಜಾಗ ಬದಲಿಸಿ. ಗೋಡೆಯಿಂದ ಹೊರಚಾಚಿದ ಬಾಲ್ಕನಿಯ ಮುಖ್ಯ ಕಂಬಿಗಳು ಇರುವುದು ಸ್ಲ್ಯಾಬಿನ ಮೇಲ್ಭಾಗದಲ್ಲೇ, ಅವನ್ನು ಕಡಿದರೆ ಬಾಲ್ಕನಿಗೇ ಕುತ್ತು. ಕೊನೆಗೆ ವಾಟರ್‌ಪ್ರೂಫಿಂಗ್ ಹರಿದ ಕಡೆಯೆಲ್ಲ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಿಸಿ.

ಗಾಜಿನವರಿಗೂ ಒಂದು ಮಾತು. ಬುಡದ ಯು-ಚಾನೆಲ್ಲಿನಲ್ಲಿ (ಯು ಆಕಾರದ ಲೋಹದ ಪಟ್ಟಿ) ನಿಲ್ಲುವ ಗಾಜಿಗೂ ಇದೇ ಎಳೆತ. ಮೇಲಾಗಿ ಚಾನೆಲ್ಲಿನ ತಳದಲ್ಲಿ ನೀರಿಳಿಯುವ ತೂತು ಇಲ್ಲದಿದ್ದರೆ ನಿಂತ ನೀರಿನಿಂದ ಲ್ಯಾಮಿನೇಟೆಡ್ ಗಾಜಿನ ಅಂಚು ಹಾಲು ಹಾಲಾಗಿ ಬಿಟ್ಟುಕೊಳ್ಳುತ್ತದೆ. ವಿನೆಗರ್ ವಾಸನೆ ಬರುವ ಸಿಲಿಕಾನ್ ಕೂಡ ಅದೇ ಕೆಲಸ ಮಾಡುತ್ತದೆ, ನ್ಯೂಟ್ರಲ್ ಸಿಲಿಕಾನ್ ಕೇಳಿ.

ಪ್ರಶ್ನೆ: ಬೋರ್‌ವೆಲ್ ನೀರಿನಿಂದ ಗಾಜಿನ ಮೇಲೆ ಬಿಳಿ ಕಲೆ. (ಕೋಲಾರ)

ಉತ್ತರ: ವಿನೆಗರ್, ನೀರು ಸಮಸಮ ಬೆರೆಸಿ ಐದು ನಿಮಿಷ ನೆನೆಸಿ ಒರೆಸಿ. ಗಿಡಗಳಿಗೆ ಪೈಪಿನಿಂದ ನೀರು ಹಾರಿಸುವುದು ನಿಂತರೆ ಅರ್ಧ ಕಲೆ ನಿಂತಂತೆ. ವರ್ಷಗಟ್ಟಲೆ ಬಿಟ್ಟ ಕಲೆ ಗಾಜನ್ನೇ ಕೊರೆದಿರುತ್ತದೆ, ಅದಕ್ಕೆ ಪಾಲಿಶ್ ಬಿಟ್ಟರೆ ದಾರಿಯಿಲ್ಲ.

ಪ್ರಶ್ನೆ: ಮಲೆನಾಡಿನ ಮಳೆಗೆ ಕಬ್ಬಿಣದ ರೇಲಿಂಗ್ ತಾಳೀತೆ? (ಕೊಪ್ಪ)

ಉತ್ತರ: ತಾಳುತ್ತದೆ, ಟೊಳ್ಳು ಪೈಪಿನ ಬದಲು ಗಟ್ಟಿ ಸರಳು ಬಳಸಿದರೆ. ಪೈಪು ತುಕ್ಕು ಹಿಡಿಯುವುದು ಒಳಗಿನಿಂದ, ಹೊರಗೆ ಬಣ್ಣ ಉಬ್ಬುವಷ್ಟರಲ್ಲಿ ಒಳಗೆ ಮುಗಿದಿರುತ್ತದೆ. ಬರೇ ರೆಡ್ ಆಕ್ಸೈಡ್ ಸಾಲದು. ತುಕ್ಕು ಕೆರೆದು ಲೋಹ ಹೊಳೆದ ಮೇಲೆ ಎಪಾಕ್ಸಿ ಜಿಂಕ್ ಪ್ರೈಮರ್, ಮೇಲೆ ಎರಡು ಕೋಟ್ ಪಿಯು ಪೇಂಟ್. ಕಂಬದ ಬುಡದಲ್ಲಿ ನೀರು ನಿಲ್ಲದಂತೆ ಸುತ್ತ ಇಳಿಜಾರು ಮಾಡಿಸಿ.

ಪ್ರಶ್ನೆ: ರನ್ನಿಂಗ್ ಫೀಟ್ ಲೆಕ್ಕದಲ್ಲಿ ಒಬ್ಬರು ಬಹಳ ಕಡಿಮೆ ರೇಟು ಹೇಳುತ್ತಿದ್ದಾರೆ. ಒಪ್ಪಬಹುದೇ? (ಹುಬ್ಬಳ್ಳಿ)

ಉತ್ತರ: ಗೇಜ್ (ಪೈಪಿನ ತಗಡಿನ ದಪ್ಪ) ಬರೆಸಿಕೊಳ್ಳದೆ ಒಪ್ಪಬೇಡಿ. ಕೈಹಿಡಿಯ 2 ಇಂಚಿನ ಸ್ಟೀಲ್ ಪೈಪು 16 ಗೇಜಿನದಾದರೆ 20 ಅಡಿಯ ಒಂದು ಉದ್ದ ಸುಮಾರು 12 ಕೆಜಿ, 18 ಗೇಜಿನದಾದರೆ 9 ಕೆಜಿ. ಹೊರಗಿನಿಂದ ಎರಡೂ ಒಂದೇ. ಪೈಪು ಇಳಿಸಿದ ದಿನ, ಕೊಯ್ಯುವ ಮೊದಲು, ತಕ್ಕಡಿಗೆ ಹಾಕಿಸಿ.