ಕೊಟ್ಟೆ, ಕಷಾಯ, ಕಾಣೆ ಮೀನು: ಆಟಿ ತಿಂಗಳ ಪ್ರಶ್ನೆಗಳು

ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಪ್ಪ-ಅಮ್ಮಂದಿರದ್ದೇ. ಮಳೆ ಬಿಡುವ ಲಕ್ಷಣವಿಲ್ಲ, ಮಕ್ಕಳು ಮನೆಯೊಳಗೆ, ಎದುರಿಗೆ ಅಷ್ಟಮಿ, ಚೌತಿ. ಮಕ್ಕಳಿಗೆ ನಮ್ಮ ಊರು ಹಿಡಿಸಬೇಕು, ಅದಕ್ಕೆ ಏನು ಮಾಡಬೇಕು ಎಂಬುದು ಒಂದಲ್ಲ ಒಂದು ರೀತಿಯಲ್ಲಿ ಎಲ್ಲರ ಪ್ರಶ್ನೆ. ನಾವು ಹೇಳುವುದು ಇಷ್ಟೇ: ಊರಿನ ಬಗ್ಗೆ ಭಾಷಣ ಬೇಡ, ಕೈಗೊಂದು ಕೆಲಸ ಕೊಡಿ. ಪತ್ರಗಳನ್ನು ಚುಟುಕಾಗಿಸಿ, ಹೆಸರು ಬಿಟ್ಟು ಕೊಟ್ಟಿದ್ದೇವೆ.

ಹತ್ತು ವರ್ಷ ಬೆಂಗಳೂರಿನಲ್ಲಿದ್ದು ಈಗ ಊರಿಗೆ ಬಂದಿದ್ದೇವೆ. ಮಗಳಿಗೆ ಎಂಟು ವರ್ಷ. ಅಷ್ಟಮಿಗೆ ಅವಳ ಕೈಯಲ್ಲೇ ಕೊಟ್ಟೆ (ಇಡ್ಲಿಯಂಥ ಹಿಟ್ಟು ಬೇಯಿಸುವ ಹಲಸಿನ ಎಲೆಯ ದೊನ್ನೆ) ಕಟ್ಟಿಸುವ ಆಸೆ. ಆದರೆ ಕಳೆದ ಸಲ ನಾನು ಕಟ್ಟಿದ್ದೇ ಅರ್ಧ ಸೋರಿತು, ಉಳಿದದ್ದರ ನಡುವೆ ಹಿಟ್ಟು ಹಸಿಯಾಗಿತ್ತು. ಎಲ್ಲಿ ತಪ್ಪಿತು? (ಬಿಜೈ, ಮಂಗಳೂರು)

ಸೋರಿದ್ದು ಎಲೆಯ ತಪ್ಪು, ಹಸಿ ಉಳಿದದ್ದು ಒಲೆಯ ತಪ್ಪು. ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಹಲಸಿನ ಎಲೆ ಬಲಿತಿರಬೇಕು, ಹಣ್ಣಾಗಿರಬಾರದು. ಚಿಗುರೆಲೆ ಕಡ್ಡಿ ಚುಚ್ಚಿದಲ್ಲೇ ಹರಿಯುತ್ತದೆ. ಹಳದಿಗೆ ತಿರುಗಿದ್ದು ಮಡಚುವಾಗ ನಡುನರದಲ್ಲಿ ಟಕ್ಕೆಂದು ಮುರಿಯುತ್ತದೆ. ಹಿಂದಿನ ದಿನ ಕೊಯ್ದು ಇಟ್ಟ ಎಲೆ ಸ್ವಲ್ಪ ಬಾಡಿ ಚೆನ್ನಾಗಿ ಬಗ್ಗುತ್ತದೆ. ಆ ದಿನವೇ ಕೊಯ್ದದ್ದಾದರೆ ಒಲೆಯ ಮೇಲೆ ಒಂದು ಕ್ಷಣ ಆಡಿಸಿ. ಒಂದು ಕೊಟ್ಟೆಗೆ ಹೆಚ್ಚುಕಡಿಮೆ ಒಂದೇ ಅಳತೆಯ ನಾಲ್ಕು ಎಲೆ. ನಾಲ್ಕರ ಒಂದೊಂದು ತುದಿ ನಡುವಿಗೆ ಬಂದು, ಒಂದರ ಮೇಲೊಂದು ಒಂದೂವರೆ ಇಂಚಾದರೂ ಕೂರಬೇಕು. ಹೆಚ್ಚಿನವರು ಇಲ್ಲಿಯೇ ಜಿಪುಣತನ ಮಾಡುತ್ತಾರೆ, ಅರ್ಧ ಇಂಚು ಬಿಟ್ಟು ಚುಚ್ಚುತ್ತಾರೆ, ಹಿಟ್ಟು ಅಲ್ಲಿಂದಲೇ ಇಳಿಯುತ್ತದೆ. ಅಡಿಯನ್ನು ತೆಂಗಿನಗರಿಯ ಕಡ್ಡಿಯ ನಾಲ್ಕು ಸಣ್ಣ ತುಂಡುಗಳಿಂದ ಹೆಣೆದ ಮೇಲೆ ಪಕ್ಕಪಕ್ಕದ ಎರಡೆರಡು ಎಲೆ ಎತ್ತಿ, ಅಂಚು ಅಂಚಿನ ಮೇಲೆ ಬರುವಂತೆ ಒಂದೊಂದು ಕಡ್ಡಿ. ಹೊಸ ಗರಿಯಿಂದ ಕಡ್ಡಿ ಕೀಳಿ. ಅಂಗಳ ಗುಡಿಸುವ ಹಿಡಿಸೂಡಿಯಿಂದ ಎಳೆಯುವವರೂ ಇದ್ದಾರೆ, ಅದಕ್ಕೇ ಈ ಮಾತು.

ಕಟ್ಟಿದ ಕೊಟ್ಟೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡುವ ಕೆಲಸ ಮಗಳಿಗೆ ಬಿಡಿ. ಅಡಿಯಲ್ಲಿ ಬೆಳಕಿನ ಚುಕ್ಕೆ ಕಂಡರೆ ಅಲ್ಲೊಂದು ಎಲೆಯ ತುಂಡು. ಎಂಟು ವರ್ಷದವರ ಕಣ್ಣು ಇದರಲ್ಲಿ ನಮಗಿಂತ ಚುರುಕು. ಕಡ್ಡಿ ಚುಚ್ಚುವುದೂ ಅವಳಿಗೆ ಬರುತ್ತದೆ, ಆದರೆ ಮೊದಲ ನಾಲ್ಕೈದು ಹರಿದುಹೋಗುತ್ತವೆ ಎಂದು ಲೆಕ್ಕ ಹಾಕಿ ಇಪ್ಪತ್ತು ಎಲೆ ಹೆಚ್ಚೇ ಕೊಯ್ದಿಡಿ.

ಹಿಟ್ಟಿಗೆ ಒಂದು ಕುಡ್ತೆ (ಸುಮಾರು ಒಂದು ಲೋಟ) ಉದ್ದು, ಎರಡು ಕುಡ್ತೆ ಅಕ್ಕಿ ತರಿ. ಉದ್ದು ಮೂರು-ನಾಲ್ಕು ಗಂಟೆ ನೆನೆದು, ತಣ್ಣೀರಿನಲ್ಲಿ ಬೆಣ್ಣೆಯ ಹಾಗೆ ಉಬ್ಬಿ ಬರಬೇಕು. ಮಿಕ್ಸಿ ಬಿಸಿಯಾದರೆ ಹಿಟ್ಟು ಉಬ್ಬುವುದಿಲ್ಲ, ನಡುವೆ ನಿಲ್ಲಿಸಿ ನಿಲ್ಲಿಸಿ ರುಬ್ಬಿ. ತರಿಯನ್ನು ತೊಳೆದು, ನೀರು ಗಟ್ಟಿಯಾಗಿ ಹಿಂಡಿ ಬೆರೆಸಿ. ಹಿಂಡದೆ ಹಾಕಿದ ನೀರೇ ಆಮೇಲೆ ಕೊಟ್ಟೆಯಿಂದ ತೊಟ್ಟಿಕ್ಕುವುದು. ಬೇಸಿಗೆಯಲ್ಲಿ ಎಂಟು ಗಂಟೆಗೆ ಹುಳಿ ಬರುವ ಹಿಟ್ಟಿಗೆ ಈ ಮಳೆಯಲ್ಲಿ ಹನ್ನೆರಡು-ಹದಿನಾಲ್ಕು ಗಂಟೆ ಬೇಕು. ಬೆಳಿಗ್ಗೆ ಬೇಯಿಸುವುದಾದರೆ ಹಿಂದಿನ ಸಂಜೆ ಐದಕ್ಕೇ ಬೆರೆಸಿ, ಒಲೆಯ ಹತ್ತಿರ ಮುಚ್ಚಿಡಿ. ಈ ಅಳತೆಗೆ ಎಂಟು-ಹತ್ತು ಕೊಟ್ಟೆಯಾಗುತ್ತದೆ.

ಇನ್ನು ಹಸಿ ಉಳಿದ ವಿಚಾರ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಿದರೆ, ಅಥವಾ ನೀರು ಕುದಿಯುವ ಮೊದಲೇ ಪಾತ್ರೆಯಲ್ಲಿಟ್ಟರೆ ಹೊರಗೆ ಬೆಂದು ಒಳಗೆ ಹಿಟ್ಟಾಗಿ ಉಳಿಯುತ್ತದೆ. ಕೊಟ್ಟೆಗಳನ್ನು ಒತ್ತೊತ್ತಾಗಿ ಇಟ್ಟರೂ ಹಾಗೆಯೇ, ಹಬೆ ಓಡಾಡಲು ನಡುವೆ ಬೆರಳಷ್ಟು ಜಾಗ ಬೇಕು. ಕುದಿಯುವ ನೀರಿನ ಮೇಲೆ ಅರ್ಧ ಗಂಟೆ. ಮುಚ್ಚಳದ ಕೆಳಗೆ ತೆಳು ಬಟ್ಟೆ ಕಟ್ಟಿದರೆ ಹಬೆಯ ನೀರು ಮೇಲೆ ಬೀಳುವುದಿಲ್ಲ. ಬೆಂದಿತೇ ಎಂದು ನೋಡಲು ಕಡ್ಡಿಯನ್ನು ನಡುವೆ ಅಡಿಯವರೆಗೆ ಇಳಿಸಿ, ಮೇಲೆಮೇಲೆ ಚುಚ್ಚಿ ನಂಬಬೇಡಿ.

ಇದೇ ಹಿಟ್ಟನ್ನು ಮುಂಡೇವಿನ (ಕೇದಗೆ ಜಾತಿಯ ಗಿಡ) ಎಲೆಯ ಕೊಳವೆಯಲ್ಲಿ ಬೇಯಿಸುವ ಮೂಡೆಯನ್ನು ಮಾತ್ರ ಈ ವರ್ಷ ಮಗುವಿನ ಕೈಗೆ ಕೊಡಬೇಡಿ. ಮುಂಡೇವಿನ ಎಲೆಯ ಎರಡೂ ಅಂಚಿಗೆ ಮುಳ್ಳು, ಹಿಂಬದಿಯ ನಡುನರಕ್ಕೂ ಮುಳ್ಳು. ಕತ್ತಿಯಲ್ಲಿ ಅದನ್ನು ತೆಗೆದು, ಬೆಂಕಿಗೆ ಬಾಡಿಸಿ, ಸುತ್ತುವುದು ಪಳಗಿದ ಕೈಯ ಕೆಲಸ. ಹಬ್ಬದ ಮುನ್ನಾದಿನ ಮಾರುಕಟ್ಟೆಯಲ್ಲಿ ಸುತ್ತಿದ್ದೇ ಸಿಗುತ್ತದೆ. ಮೂಡೆ ಎತ್ತರ ಇರುವುದರಿಂದ ನಲವತ್ತು ನಿಮಿಷ ಬೇಯಲಿ.

ಒಂದು ಮಾತು: ಉಡುಪಿ ಮಠದ ಅಷ್ಟಮಿ ಸೌರಮಾನದ ಲೆಕ್ಕದ್ದು. ಕೆಲವು ವರ್ಷ ಬೇರೆ ಕಡೆಗಿಂತ ಒಂದು ತಿಂಗಳು ಆಚೆ ಹೋಗುತ್ತದೆ. ಎಲೆ ಕೊಯ್ಯುವ ಮೊದಲು ನಿಮ್ಮ ಮನೆಯದು ಯಾವ ಅಷ್ಟಮಿ ಎಂದು ಅತ್ತೆಯವರನ್ನು ಕೇಳಿ.

ಆಟಿ ಅಮಾವಾಸ್ಯೆಗೆ ಪಾಲೆದ ಕಷಾಯ ಮಕ್ಕಳಿಗೆ ಕೊಡಬಹುದೇ? ಅಜ್ಜಿ ಕೊಡಿ ಎನ್ನುತ್ತಾರೆ, ನನಗೆ ಹೆದರಿಕೆ. (ಸುರತ್ಕಲ್)

ಹೆದರಿಕೆಗೆ ಕಾರಣ ಇದೆ, ಆದರೆ ಅದು ಪಾಲೆ ಮರಕ್ಕಿಂತ ಹೆಚ್ಚಾಗಿ ಪಾಲೆ ಎಂದುಕೊಂಡು ತರುವ ಬೇರೆ ಮರದ್ದು. ಪಾಲೆ ಎಂದರೆ ಹಾಲೆ ಮರ, ಸಪ್ತಪರ್ಣಿ. ಅದರೊಂದಿಗೆ ಅದಲುಬದಲಾಗುವುದು ಕಾಸರಕ, ಸ್ಟ್ರಿಕ್ನಿನ್ ಎಂಬ ಕಡುವಿಷ ಇರುವ ಮರ. ಎರಡೂ ಕಹಿ, ನಾಲಿಗೆಯಿಂದ ಗುರುತು ಹಿಡಿಯಲಾಗುವುದಿಲ್ಲ. ಸಂಪ್ರದಾಯದಂತೆ ಬೆಳಕು ಹರಿಯುವ ಮೊದಲು, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಆ ಕತ್ತಲಲ್ಲೇ ಎಡವಟ್ಟಾಗುವುದು.

ಹಾಗಾಗಿ ಹಿಂದಿನ ದಿನ ಹಗಲಲ್ಲಿ ಹೋಗಿ ಮರ ನೋಡಿ, ಬಳ್ಳಿ ಕಟ್ಟಿ ಗುರುತು ಮಾಡಿ ಬನ್ನಿ. ಪಾಲೆಯಲ್ಲಿ ಒಂದೇ ಗಿಣ್ಣಿನಿಂದ ಐದು, ಆರು, ಏಳು ಎಲೆ ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಹೊರಡುತ್ತವೆ. ತೊಗಟೆ ಗೀರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರು ಎರಡೆರಡೇ, ಎಲೆಯ ಬುಡದಿಂದಲೇ ಮೂರರಿಂದ ಐದು ನರ ಉದ್ದಕ್ಕೆ ಹೋಗುತ್ತವೆ, ಹಾಲು ಇಲ್ಲ, ಹಣ್ಣು ಕಿತ್ತಳೆ ಬಣ್ಣದ ಗುಂಡು. ಇವೆಲ್ಲ ಒಟ್ಟಿಗೆ ತಾಳೆಯಾಗಬೇಕು, ಹಾಲು ಒಂದನ್ನೇ ನಂಬಿದರೆ ಸಾಲದು, ಹಾಲು ಬರುವ ಮರ ಬೇರೆಯೂ ಇವೆ. ಮರ ಯಾರು ತೋರಿಸಿದರು ಎಂದು ಗೊತ್ತಿಲ್ಲದ ಕಷಾಯವನ್ನು ಯಾರೂ ಕುಡಿಯುವುದು ಬೇಡ.

ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ, ಮೊಲೆಯೂಡಿಸುವವರಿಗೆ, ದಿನವೂ ಮಾತ್ರೆ ತೆಗೆದುಕೊಳ್ಳುವವರಿಗೆ ಬೇಡವೇ ಬೇಡ. ಅಜ್ಜಿಯ ಮನಸ್ಸು ಉಳಿಸುವ ದಾರಿ ಇದೆ. ಕಷಾಯದ ನಂತರ ಉಷ್ಣ ಇಳಿಯಲೆಂದು ಮಾಡುವ ಮೆಂತೆ ಗಂಜಿ ಮಕ್ಕಳಿಗೆ ಕೊಡಿ. ಒಂದು ಕುಡ್ತೆ ಅಕ್ಕಿಗೆ ರಾತ್ರಿ ನೆನೆಸಿದ ಎರಡು ಚಮಚ ಮೆಂತೆ, ಮೆತ್ತಗೆ ಬೇಯಿಸಿ, ತೆಂಗಿನ ಹಾಲು, ಬೆಲ್ಲ. ಬೆಳ್ಳಗಿನ ಕಲ್ಲು ಕೆಂಪಗೆ ಕಾಯಿಸಿ ಕಷಾಯಕ್ಕೆ ಹಾಕುವಾಗ ಚುಂಯ್ ಎನ್ನುವುದನ್ನು ನೋಡಲು ಮಕ್ಕಳನ್ನು ಎಬ್ಬಿಸಿ, ದೂರ ನಿಲ್ಲಿಸಿ. ಅವರಿಗೆ ಅಮಾವಾಸ್ಯೆ ಅಷ್ಟರಲ್ಲೇ ಆಯಿತು.

ಕುಡಿದ ಯಾರಿಗಾದರೂ ಕತ್ತು-ದವಡೆ ಸೆಟೆದರೆ, ಸಣ್ಣ ಸದ್ದಿಗೂ ಮೈ ಬೆಚ್ಚಿ ಸೆಳೆತ ಬಂದರೆ, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ. ಉಳಿದ ತೊಗಟೆಯ ತುಂಡು ಜೊತೆಗಿರಲಿ.

ಪತ್ರೊಡೆ ತಿಂದರೆ ಮಗನಿಗೆ ಗಂಟಲು ತುರಿಸುತ್ತದೆ. ಬಿಟ್ಟುಬಿಡುವುದೇ? (ಕಾರ್ಕಳ)

ಬಿಡಬೇಡಿ, ಹುಳಿ ಹೆಚ್ಚಿಸಿ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಅವು ಚುಚ್ಚುವುದೇ ತುರಿಕೆ. ಎರಡು ಕುಡ್ತೆ ಅಕ್ಕಿಗೆ ದೊಡ್ಡ ನಿಂಬೆಹಣ್ಣಿನಷ್ಟು ಹುಣಸೆ ಬೇಕು. ಮಕ್ಕಳಿಗೆ ಹುಳಿಯಾಗುತ್ತದೆಂದು ಅರ್ಧಕ್ಕಿಳಿಸುತ್ತೇವೆ, ತುರಿಕೆ ಅಲ್ಲಿಂದ. ಹುಳಿಗೆ ಸಮನಾಗಿ ಬೆಲ್ಲ ಏರಿಸಿ. ಹಿಟ್ಟು ಚಟ್ನಿಗಿಂತ ಗಟ್ಟಿ ಇರಲಿ, ಎಲೆಯ ಹಿಂಬದಿಗೆ ತೆಳ್ಳಗೆ ಸವರಿ, ಐದಾರು ಎಲೆಗಿಂತ ದಪ್ಪ ಸುರುಳಿ ಬೇಡ, ಮುಕ್ಕಾಲು ಗಂಟೆ ಬೇಯಲಿ. ಎಲೆಯ ನಡುನರ ಕೆತ್ತಿ ತೆಗೆಯಿರಿ, ಮುಟ್ಟುವ ಮೊದಲು ಕೈಗೆ ತೆಂಗಿನೆಣ್ಣೆ. ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕಿದರೆ ಅದಕ್ಕೆ ಮೇಲಿಲ್ಲ. ಇಷ್ಟಾಗಿಯೂ ತುಟಿ ಊದಿದರೆ, ಉಸಿರು ಕಟ್ಟಿದರೆ ಅದು ಬೇರೆಯೇ ಸಂಗತಿ, ವೈದ್ಯರಿಗೆ ತೋರಿಸಿ.

ಮಗ ಮೀನು ತಿನ್ನಲು ಈಗಷ್ಟೇ ಕಲಿಯುತ್ತಿದ್ದಾನೆ. ಮಳೆಗಾಲದಲ್ಲಿ ಯಾವ ಮೀನು ತರಬೇಕು? (ಮಲ್ಪೆ ಹತ್ತಿರ)

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಒಟ್ಟು 61 ದಿನ. ಆಗ ಬರುವ ಹಸಿ ಮೀನು ನಾಡದೋಣಿಯದ್ದು, ಹೊಳೆಯದ್ದು, ಇಲ್ಲವೇ ಹೊರಗಿನಿಂದ ಐಸಿನಲ್ಲಿ ಬಂದದ್ದು. ಎಲ್ಲಿಯದೆಂದು ಕೇಳಿಯೇ ತೆಗೆದುಕೊಳ್ಳಿ. ಮಾರುವ ಅಕ್ಕ ಹೇಳುತ್ತಾರೆ, ದಿನದ ಗಿರಾಕಿಗೆ ಸುಳ್ಳು ಹೇಳಿ ಅವರಿಗೇನೂ ಲಾಭವಿಲ್ಲ.

ಕಲಿಯುವ ಮಗುವಿಗೆ ಕಾಣೆ ಒಳ್ಳೆಯದು: ಮೆತ್ತಗಿನ ಮಾಂಸ, ನಡುಮುಳ್ಳು ಹಿಡಿದೆತ್ತಿದರೆ ಹೆಚ್ಚುಕಡಿಮೆ ಪೂರ್ತಿ ಬರುತ್ತದೆ. ಅಂಜಲ್ ತುಂಡೂ ಆಗುತ್ತದೆ, ಜೇಬು ನೋಡಿಕೊಳ್ಳಿ. ಬೂತಾಯಿ, ನಿಮ್ಮ ಕಡೆಯ ಬೈಗೆ, ರುಚಿಯಲ್ಲಿ ಮೊದಲು, ಆದರೆ ಕೂದಲಿನಂಥ ಮುಳ್ಳು. ಅದನ್ನು ಬಿಡಿಸುವುದನ್ನು ತಟ್ಟೆಯಲ್ಲಿ ತೋರಿಸಿ ಕಲಿಸಿ: ಬೆನ್ನಿನ ಕಡೆಯಿಂದ ಬೆರಳಿನಲ್ಲಿ ಸೀಳಿ, ಮೇಲಿನ ಪದರ ಸರಿಸಿ, ಬಾಲದಿಂದ ತಲೆಯ ಕಡೆಗೆ ಮುಳ್ಳು ಎತ್ತುವುದು. ಅನ್ನದೊಂದಿಗೆ ಕಲಸಿದ ಮೇಲೆ ಮುಳ್ಳು ಹುಡುಕಲಾಗುವುದಿಲ್ಲ, ಮೊದಲು ಮೀನು ಬಿಡಿಸಿ ಆಮೇಲೆ ಕಲಸಿ.

ಬಂಗುಡೆ, ಬೂತಾಯಿಯ ವಿಷಯದಲ್ಲಿ ಒಂದು ಎಚ್ಚರ. ಕೊಂಡ ಮೇಲೆ ಸ್ಕೂಟರಿನ ಕೊಕ್ಕೆಗೆ ಚೀಲ ತೂಗಿಸಿ ಎರಡು ಗಂಟೆ ಊರು ಸುತ್ತಿದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಆಮೇಲೆ ಎಷ್ಟು ಕುದಿಸಿದರೂ, ಕಡಕ್ ಹುರಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ, ಮೈಯಲ್ಲಿ ದದ್ದು ಏಳುವುದು ಇದರಿಂದ. ಮಗುವಿಗೆ ಮೀನೇ ಆಗುವುದಿಲ್ಲ ಎಂದು ತಪ್ಪು ತಿಳಿದು ಬಿಡಿಸಿದ ಮನೆಗಳಿವೆ. ಮಾರುಕಟ್ಟೆಗೆ ಐಸ್ ಹಾಕಿದ ಡಬ್ಬ ಒಯ್ಯಿರಿ, ಮೀನು ಕೊನೆಯಲ್ಲಿ ಕೊಳ್ಳಿ.

ಮಳೆಗಾಲದ ಭಾನುವಾರ ಸಮುದ್ರ ತೋರಿಸಿ ಎಂದು ಮಕ್ಕಳ ಹಟ. ಬೇರೆ ಎಲ್ಲಿಗೆ? (ಕಂಕನಾಡಿ, ಮಂಗಳೂರು)

ಸಮುದ್ರವನ್ನು ರಸ್ತೆಯಿಂದ ನೋಡಿ, ನೀರಿಗೆ ಇಳಿಸಬೇಡಿ. ಪಣಂಬೂರು, ಉಳ್ಳಾಲ, ಮಲ್ಪೆ ಎಲ್ಲ ಕಡೆಯೂ ಈ ತಿಂಗಳಲ್ಲಿ ಒಳಗೆಳೆಯುವ ಸೆಳೆತ ಇರುತ್ತದೆ, ಮೊಣಕಾಲು ನೀರಿನಲ್ಲೂ. ಕಡಲ್ಕೊರೆತಕ್ಕೆ ಹಾಕಿದ ಕಲ್ಲುಗಳ ಮೇಲೆ ಪಾಚಿ, ಅಲ್ಲಿಯೂ ಬೇಡ.

ಸೂರಿನ ಕೆಳಗಿನ ಜಾಗ ಬೇಕಾದರೆ ಮೂಡಬಿದಿರೆಯ ಸಾವಿರ ಕಂಬದ ಬಸದಿ. 1430ರದ್ದು. ಒಂದೇ ಥರದ ಎರಡು ಕಂಬ ಹುಡುಕಿದವರಿಗೆ ಗೋಳಿಬಜೆ ಎಂದು ಪಂದ್ಯ ಕಟ್ಟಿ, ಒಂದು ಗಂಟೆ ನಿಮಗೆ ಕೆಲಸವಿಲ್ಲ. ಅಷ್ಟು ದೂರ ಆಗದಿದ್ದರೆ ನಗರದಲ್ಲೇ ಸಂತ ಅಲೋಶಿಯಸ್ ಚಾಪೆಲ್. ಗೋಡೆ, ಮಾಳಿಗೆ ಎಲ್ಲ ಇಟಲಿಯ ಆಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಬಿಡಿಸಿದ ಚಿತ್ರಗಳು. ಮಧ್ಯಾಹ್ನದ ಬಿಡುವು ಇರುತ್ತದೆ, ಬೆಳಿಗ್ಗೆಯೇ ಹೋಗಿ. ಸಾಧ್ಯವಾದರೆ ಕಾರು ಬಿಟ್ಟು ಬಸ್ಸಿನಲ್ಲಿ. ಟರ್ಪಾಲು ಇಳಿಸಿದ ಕಿಟಕಿ, ನಿರ್ವಾಹಕರ ಸೀಟಿ, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಗದ್ದಲ, ಅದೂ ನೋಡುವಂಥದ್ದೇ.

ನಾವು ತುಳುವಿನಲ್ಲಿ ಮಾತಾಡಿದರೆ ಮಗಳು ಕನ್ನಡದಲ್ಲಿ ಉತ್ತರಿಸುತ್ತಾಳೆ. ಅಜ್ಜನ ಹತ್ತಿರ ತುಳು ಮಾತಾಡಿದರೆ ತಪ್ಪುತ್ತಾಳೆ, ಎಲ್ಲರೂ ನಗುತ್ತಾರೆ. (ಕಾಪು)

ಮೊದಲು ನಗುವವರನ್ನು ನಿಲ್ಲಿಸಿ. ಮಕ್ಕಳ ತುಳು ನಿಲ್ಲುವುದು ಸಾಮಾನ್ಯವಾಗಿ ಒಬ್ಬ ಮಾವ ಜೋರಾಗಿ ನಕ್ಕ ದಿನ.

ತಪ್ಪು ಎಲ್ಲಿಯದೆಂದು ಊಹಿಸಬಹುದು. ಮನೆಯಲ್ಲಿ ಎಲ್ಲರೂ ಅವಳನ್ನು 'ಈ' (ನೀನು) ಎನ್ನುತ್ತಾರೆ, ಅವಳು ಕೇಳಿದ್ದು ಅದೊಂದೇ, ಹಾಗಾಗಿ ಅಜ್ಜನಿಗೂ 'ಈ ಏಪ ಬತ್ತ?' (ನೀನು ಯಾವಾಗ ಬಂದೆ?) ಎನ್ನುತ್ತಾಳೆ. 'ಈರ್ ಏಪ ಬತ್ತರ್?' (ನೀವು ಯಾವಾಗ ಬಂದಿರಿ?) ಎಂಬುದು ಅವಳ ಕಿವಿಗೆ ಬೀಳಬೇಕಾದರೆ ದೊಡ್ಡವರು ದೊಡ್ಡವರೊಡನೆ ಅವಳ ಎದುರೇ ತುಳು ಆಡಬೇಕು. ಗಂಡ-ಹೆಂಡತಿ ಫೋನಿನಲ್ಲಿ ಅತ್ತೆ-ಮಾವನ ಹತ್ತಿರ ಮಾತಾಡುವಾಗ ಸ್ಪೀಕರ್ ಹಾಕಿ, ಸಾಕು. ಇಡೀ ದಿನ ತುಳು ಎಂದು ನಿಯಮ ಹಾಕಿದರೆ ಮೂರು ದಿನ ನಡೆಯುತ್ತದೆ. ಅದರ ಬದಲು ಒಂದು ಕೆಲಸಕ್ಕೆ ಕಟ್ಟಿಹಾಕಿ: ಊಟ ಬಡಿಸುವ ಹೊತ್ತು ಪೂರ್ತಿ ತುಳು. ಆಗ ಬೇಕಾಗುವ ಮಾತು ಮೂವತ್ತು-ನಲವತ್ತು, ದಿನವೂ ಅವೇ ಮರಳಿ ಬರುತ್ತವೆ. ತಪ್ಪಿದರೆ ತಿದ್ದಬೇಡಿ, ಸರಿಯಾದದ್ದನ್ನು ನೀವು ಒಮ್ಮೆ ಹೇಳಿ ಅನ್ನ ಬಡಿಸಿ.

ಯೂನಿಫಾರ್ಮ್ ಒಣಗಿದರೂ ಮುಗ್ಗಲು ವಾಸನೆ. (ಮಣಿಪಾಲ)

ನಿಧಾನಕ್ಕೆ ಒಣಗುವುದೇ ಕಾರಣ. ಒಗೆದದ್ದನ್ನು ಬಕೆಟಿನಲ್ಲಿ ಬಿಡದೆ ಕೂಡಲೇ ಹಿಂಡಿ, ಫ್ಯಾನಿನ ಕೆಳಗೆ ಬಟ್ಟೆಗೆ ಬಟ್ಟೆ ತಾಗದಂತೆ ಹರಡಿ. ಮುಕ್ಕಾಲು ಒಣಗಿದಾಗ ಇಸ್ತ್ರಿ ಹಾಕಿ, ಮತ್ತೆ ಅರ್ಧ ಗಂಟೆ ಗಾಳಿಗೆ ಬಿಟ್ಟು ಆಮೇಲೆ ಮಡಚಿ. ಶೂ ಒಳಗೆ ರಾತ್ರಿ ಹಳೆಯ ಪೇಪರ್ ತುರುಕಿ, ಮಲಗುವ ಮುಂಚೆ ಒಮ್ಮೆ ಬದಲಿಸಿ.