ಹಾರ್ಡ್ ಡಿಸ್ಕ್ ಕ್ಲೋನಿಂಗ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಚಾಮರಾಜಪೇಟೆಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ವಿಂಡೋಸ್ 10 ಇರುವ 1 ಟಿಬಿ ಹಾರ್ಡ್ ಡಿಸ್ಕ್ ಆಮೆ ನಡಿಗೆ. ತುಂಬಿರುವುದು 210 ಜಿಬಿ. ನುಡಿ, ಪೇಜ್‌ಮೇಕರ್, ಹಳೆಯ ಫಾಂಟುಗಳನ್ನು ಮತ್ತೆ ಹಾಕುವ ತಾಪತ್ರಯವಿಲ್ಲದೆ 500 ಜಿಬಿ ಎಸ್‌ಎಸ್‌ಡಿಗೆ (ಚಿಪ್ಪಿನಿಂದಾದ ವೇಗದ ಡಿಸ್ಕಿಗೆ) ಹೋಗಬೇಕು. ಡಿಸ್ಕನ್ನು ಇದ್ದಂತೆಯೇ ನಕಲು (ಕ್ಲೋನ್) ಮಾಡುವ ಉಚಿತ ತಂತ್ರಾಂಶ ಕ್ಲೋನ್‌ಜಿಲ್ಲಾ ಮಾತ್ರ ‘ಗುರಿ ಡಿಸ್ಕ್ ಚಿಕ್ಕದು’ ಎಂದು ನಿಂತುಬಿಡುತ್ತದೆ. ಬೇರೆ ಯಾವುದು?

ಉತ್ತರ: ಕ್ಲೋನ್‌ಜಿಲ್ಲಾ ತುಂಬಿರುವ ಜಾಗವನ್ನಷ್ಟೇ ನಕಲು ಮಾಡಿದರೂ ಪಾರ್ಟಿಶನ್ನಿನ (ಡಿಸ್ಕಿನ ವಿಭಾಗದ) ಅಳತೆಯನ್ನು ಮೂಲದಂತೆಯೇ ಇಡುತ್ತದೆ. ಆದ್ದರಿಂದ ಗುರಿ ಡಿಸ್ಕ್ ಮೂಲದಷ್ಟಾದರೂ ದೊಡ್ಡದಿರಬೇಕು. ಮೊದಲೇ ಪಾರ್ಟಿಶನ್ ಕುಗ್ಗಿಸಿಕೊಂಡರೆ ದಾರಿಯುಂಟು. ಆದರೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಅರ್ಧಕ್ಕಿಂತ ಕೆಳಗಿಳಿಯಲು ಹಲವು ಸಲ ಒಪ್ಪುವುದಿಲ್ಲ, ಅದಕ್ಕೆ ಅಲುಗಿಸಲಾಗದ ಫೈಲುಗಳು ನಡುವೆ ಕೂತಿರುತ್ತವೆ.

ನಿಮಗೆ ಸುಲಭವಾದದ್ದು ಎಸ್‌ಎಸ್‌ಡಿ ಕಂಪನಿಯೇ ಕೊಡುವ ತಂತ್ರಾಂಶ. ಸ್ಯಾಮ್‌ಸಂಗ್‌ಗೆ ಅದರದೇ ಇದೆ. ಕ್ರೂಶಿಯಲ್ ಮತ್ತು ವೆಸ್ಟರ್ನ್ ಡಿಜಿಟಲ್ ಕೊಳ್ಳುವವರಿಗೆ ಅಕ್ರೋನಿಸ್ ಎಂಬ ಕ್ಲೋನಿಂಗ್ ತಂತ್ರಾಂಶದ ಒಂದು ಆವೃತ್ತಿ ಉಚಿತ. ಇವು ಪಾರ್ಟಿಶನ್ನನ್ನು ತಾವೇ ಕುಗ್ಗಿಸಿಕೊಳ್ಳುತ್ತವೆ, ಆದರೆ ಆಯಾ ಕಂಪನಿಯ ಡಿಸ್ಕ್ ಜೋಡಿಸಿದ್ದರೆ ಮಾತ್ರ. ಇನ್ನೊಂದು ಕ್ಲೋನಿಂಗ್ ತಂತ್ರಾಂಶವಾದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಯನ್ನು ಹಲವರು ಈಗಲೂ ಹೇಳುತ್ತಾರೆ. 2024ರ ಜನವರಿಯಿಂದ ಅದಕ್ಕೆ ಸುರಕ್ಷತಾ ಅಪ್‌ಡೇಟ್ ಬರುತ್ತಿಲ್ಲ.

ಶುರು ಮಾಡುವ ಮುನ್ನ ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ವಿಂಡೋಸಿನ ಸಾಧನ) ನಡೆಸಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಇದ್ದರೆ ‘ಶಟ್‌ಡೌನ್’ ಎಂದರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ. ಪೆನ್‌ಡ್ರೈವಿನಿಂದ ಬೂಟ್ ಆಗುವ ತಂತ್ರಾಂಶಗಳು ಅಂಥ ಪಾರ್ಟಿಶನ್ನನ್ನು ಮುಟ್ಟಲು ಹಿಂಜರಿಯುತ್ತವೆ. ಬಿಟ್‌ಲಾಕರ್ (ವಿಂಡೋಸಿನ ಗೂಢಲಿಪಿ ಬೀಗ) ಇದ್ದರೆ ಅದನ್ನೂ ತೆಗೆಯಿರಿ. ಎಸ್‌ಎಸ್‌ಡಿಯನ್ನು ಮದರ್‌ಬೋರ್ಡಿನ ಖಾಲಿ ಸಾಟಾ ಪೋರ್ಟಿಗೆ ಹಾಕಿದರೆ ಒಳ್ಳೆಯದು, ಇಲ್ಲವೇ ಯುಎಸ್‌ಬಿ 3 ಕೇಬಲ್ ಸಾಕು. ಸೆಕೆಂಡಿಗೆ 100 ಎಂಬಿಯಂತೆ 210 ಜಿಬಿಗೆ ಲೆಕ್ಕದಲ್ಲಿ 35 ನಿಮಿಷ. ಚಿಕ್ಕ ಫೈಲುಗಳು ಚೆದುರಿರುವ ಹಳೆಯ ಡಿಸ್ಕಿನಲ್ಲಿ ಒಂದು ಗಂಟೆ ಮೀರಿದರೂ ಗಾಬರಿ ಬೇಡ. ನಡುವೆ ಕರೆಂಟ್ ಹೋದರೆ ಮೂಲಕ್ಕೆ ಸಾಮಾನ್ಯವಾಗಿ ಧಕ್ಕೆಯಿಲ್ಲ, ನಕಲನ್ನು ಮೊದಲಿಂದ ಮಾಡಬೇಕು ಅಷ್ಟೆ. ಯುಪಿಎಸ್ ಇದ್ದರೆ ಆ ಶ್ರಮವೂ ಉಳಿಯಿತು.

ಹೆಚ್ಚಿನವರು ಎಡವುವುದು ಇಲ್ಲಿ: ಕೆಲಸ ಮುಗಿದ ಮೇಲೆ ಎರಡೂ ಡಿಸ್ಕ್ ಜೋಡಿಸಿಟ್ಟೇ ಯಂತ್ರ ಆನ್ ಮಾಡುತ್ತಾರೆ. ಎರಡರ ಗುರುತು ಸಂಖ್ಯೆಯೂ ಒಂದೇ ಆದ್ದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಇಲ್ಲವೇ ನೀವು ಹಳೆಯದರಿಂದಲೇ ಬೂಟ್ ಆಗಿ ‘ವೇಗವೇ ಬರಲಿಲ್ಲ’ ಎನ್ನುತ್ತೀರಿ. ಯಂತ್ರ ಆರಿಸಿ, ಹಳೆಯದರ ಕೇಬಲ್ ಕಿತ್ತು, ಹೊಸದರಿಂದ ಮಾತ್ರ ಬೂಟ್ ಮಾಡಿ. ಹಳೆಯದನ್ನು ಎರಡು ವಾರವಾದರೂ ಅಳಿಸದೆ ಎತ್ತಿಡಿ.

ಪ್ರಶ್ನೆ: ಯಲಹಂಕದಿಂದ. ಲ್ಯಾಪ್‌ಟಾಪ್ ಕ್ಲೋನ್ ಮಾಡಲು ಹೋದರೆ ಪ್ರತಿ ಸಲ 34 ಪ್ರತಿಶತಕ್ಕೆ ನಿಲ್ಲುತ್ತದೆ. ಡಿಸ್ಕಿನ ಆರೋಗ್ಯ ತಿಳಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಳದಿ ಬಣ್ಣ ತೋರಿಸುತ್ತಿದೆ, ಸಿ5 ಸಾಲಿನಲ್ಲಿ ಸಂಖ್ಯೆಯೂ ಇದೆ. ಸದ್ದೇನೂ ಇಲ್ಲ. ಮಗುವಿನ ಫೋಟೋಗಳೆಲ್ಲ ಅದರಲ್ಲೇ ಇವೆ.

ಉತ್ತರ: ಮೇಲಿನ ಉತ್ತರದ ಚೆಕ್‌ಡಿಸ್ಕ್ ಸಲಹೆಯನ್ನು ನೀವು ಮರೆತುಬಿಡಿ. ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು (ಡಿಸ್ಕಿನ ಪುಟ್ಟ ತುಣುಕುಗಳು). ಇಂಥ ಡಿಸ್ಕಿನ ಮೇಲೆ ಬರೆಯುವ, ರಿಪೇರಿ ಮಾಡುವ ಯಾವುದೂ ಬೇಡ. ವಿಂಡೋಸ್ ಆನ್ ಮಾಡುವುದೂ ಬರೆದಂತೆಯೇ. ಸಾಮಾನ್ಯ ಕ್ಲೋನಿಂಗ್ ತಂತ್ರಾಂಶ ಕೆಟ್ಟ ಸೆಕ್ಟರಿನಲ್ಲೇ ತಲೆ ಚಚ್ಚಿಕೊಳ್ಳುತ್ತದೆ.

ನಿಮಗೆ ಬೇಕಾದದ್ದು ಕೆಟ್ಟ ಡಿಸ್ಕಿನಿಂದ ನಕಲು ತೆಗೆಯುವ ಗ್ನೂ ಡಿಡಿರೆಸ್ಕ್ಯೂ. ಲಿನಕ್ಸ್ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ. ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡ ಡಿಸ್ಕ್ ಗುರಿಯಾಗಲಿ, ಯಾವ ಭಾಗ ಓದಿಯಾಯಿತೆಂದು ಬರೆದಿಡುವ ಮ್ಯಾಪ್ ಫೈಲ್ ಮೂರನೆಯದೊಂದು ಪೆನ್‌ಡ್ರೈವಿನಲ್ಲಿರಲಿ. ಮೊದಲ ಸುತ್ತು ‘ಎನ್’ (-n) ಆಯ್ಕೆಯೊಂದಿಗೆ: ಒಳ್ಳೆಯ ಭಾಗವನ್ನೆಲ್ಲ ಬಾಚಿಕೊಂಡು ಕೆಟ್ಟದ್ದನ್ನು ಹಾರಿ ಮುಂದೆ ಹೋಗುತ್ತದೆ. ಆಮೇಲೆ ಅದೇ ಮ್ಯಾಪ್ ಫೈಲಿನೊಂದಿಗೆ ‘ಡಿ’ (-d) ಮತ್ತು ‘ಆರ್3’ (-r3) ಕೊಟ್ಟರೆ ಉಳಿದುದನ್ನು ಮೂರು ಸಲ ಪ್ರಯತ್ನಿಸುತ್ತದೆ. ನಡುವೆ ನಿಲ್ಲಿಸಿದರೂ ಮ್ಯಾಪ್ ಫೈಲ್ ಇರುವುದರಿಂದ ಅಲ್ಲಿಂದಲೇ ಮುಂದುವರಿಯುತ್ತದೆ. ಮೂಲ, ಗುರಿ ಅದಲು ಬದಲಾದರೆ ಫೋಟೋಗಳ ಮೇಲೆ ಖಾಲಿ ಡಿಸ್ಕ್ ಬರೆದಂತೆ! ಗಾತ್ರ ಒಂದೇ ಇದ್ದರೆ ಸೀರಿಯಲ್ ನಂಬರ್ ಹೋಲಿಸಿಯೇ ಎಂಟರ್ ಒತ್ತಿ. ಚೆಕ್‌ಡಿಸ್ಕ್ ಏನಿದ್ದರೂ ನಕಲಿನ ಮೇಲೆ. ಟಿಕ್ ಟಿಕ್ ಸದ್ದು ಶುರುವಾದರೆ ತಕ್ಷಣ ಆರಿಸಿ, ಡೇಟಾ ರಿಕವರಿ ಮಾಡುವವರಿಗೆ ಕೊಡಿ.

ಪ್ರಶ್ನೆ: ಎಸ್‌ಪಿ ರಸ್ತೆಯಲ್ಲಿ ಎನ್‌ವಿಎಂಇ (ಸಾಟಾಗಿಂತ ವೇಗದ ಬಗೆಯ) ಎಸ್‌ಎಸ್‌ಡಿ ಕೊಂಡೆ. ಕ್ಲೋನ್ ಸರಿಯಾಗಿ ಮುಗಿಯಿತು, ಬೂಟ್ ಮಾತ್ರ ಆಗುತ್ತಿಲ್ಲ. ಹಳೆಯ ಡಿಸ್ಕ್ ಎಂಬಿಆರ್ (ಪಾರ್ಟಿಶನ್ ಪಟ್ಟಿ ಇಡುವ ಹಳೆಯ ಕ್ರಮ) ಶೈಲಿಯದು. — ರಾಜಾಜಿನಗರ

ಉತ್ತರ: ಎನ್‌ವಿಎಂಇಯಿಂದ ಬೂಟ್ ಆಗಲು ಬಹುಪಾಲು ಮದರ್‌ಬೋರ್ಡುಗಳಿಗೆ ಯುಇಎಫ್‌ಐ (ಹಳೆಯ ಬಯೋಸಿನ ಜಾಗಕ್ಕೆ ಬಂದ ಬೂಟ್ ವಿಧಾನ) ಬೇಕು, ಅದಕ್ಕೆ ಜಿಪಿಟಿ (ಎಂಬಿಆರ್ ಬದಲಿಗೆ ಬಂದ ಹೊಸ ಕ್ರಮ) ಡಿಸ್ಕ್ ಬೇಕು. ಮುಖ್ಯ ಫೈಲುಗಳನ್ನು ಬೇರೆಡೆ ಇಟ್ಟುಕೊಂಡು, ಹಳೆಯ ಡಿಸ್ಕನ್ನೇ ಎಂಬಿಆರ್‌ಟುಜಿಪಿಟಿ (mbr2gpt) ಎಂಬ ಸಾಧನದಿಂದ ಜಿಪಿಟಿಗೆ ಪರಿವರ್ತಿಸಿ. ವಿಂಡೋಸ್ 10ರ 1703ನೇ ಆವೃತ್ತಿಯಿಂದ ಅದು ಒಳಗೇ ಬರುತ್ತದೆ. ಬಯೋಸಿನಲ್ಲಿ ಯುಇಎಫ್‌ಐ ಆಯ್ಕೆ ಮಾಡಿ, ಹಳೆಯದರಿಂದ ಬೂಟ್ ಆಗುವುದನ್ನು ಖಚಿತಪಡಿಸಿಕೊಂಡು ಮತ್ತೆ ಕ್ಲೋನ್ ಮಾಡಿ. ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಹೆಚ್ಚಿದ್ದರೆ ಅಥವಾ ಲಾಜಿಕಲ್ ಪಾರ್ಟಿಶನ್ ಇದ್ದರೆ ಈ ಸಾಧನ ಒಪ್ಪುವುದಿಲ್ಲ. ಡಿ, ಇ ಎಂದು ಹಂಚಿಕೊಟ್ಟಿರುವ ಹಳೆಯ ಅಸೆಂಬಲ್ ಯಂತ್ರಗಳು ಇಲ್ಲೇ ಮುಗ್ಗರಿಸುವುದು. ಆಗ ಆ ಫೈಲುಗಳನ್ನು ಹೊರಗೆ ಸಾಗಿಸಿ, ಆ ಪಾರ್ಟಿಶನ್‌ಗಳನ್ನು ಅಳಿಸಿದ ನಂತರವೇ ಪರಿವರ್ತನೆ.